ಅಮಾವಾಸ್ಯೆಯ ದಿನ ದಿಂಡಿಗದ ಉಸಿರು

ಈ ಕಥೆಯನ್ನು ನಾನು ಇಷ್ಟು ವರ್ಷಗಳಲ್ಲಿ ಕನಿಷ್ಠ ಮೂರು ರೀತಿ ಹೇಳಿದ್ದೇನೆ. ಮೂರರಲ್ಲಿ ಒಂದೂ ಪೂರ್ತಿ ನಿಜವಲ್ಲ ಎಂಬ ಗುಮಾನಿ ಈಗ ಬಲವಾಗಿದೆ. ಒಂದರಲ್ಲಿ ಗುಟ್ಟನ್ನು ಪತ್ತೆ ಹಚ್ಚಿದವನು ನಾನು. ಇನ್ನೊಂದರಲ್ಲಿ ನಮ್ಮ ಡ್ರೈವರು ತಾವಾಗಿಯೇ ಬಂದು ಒಪ್ಪಿಕೊಳ್ಳುತ್ತಾರೆ. ಮೂರನೆಯದನ್ನು ತರಗತಿಯಲ್ಲಿ ಹೇಳುವುದು, ಅದರಲ್ಲಿ ಎಲ್ಲರೂ ಅಚ್ಚುಕಟ್ಟಾಗಿ ನಡೆದುಕೊಳ್ಳುತ್ತಾರೆ. ಮೂರರಲ್ಲೂ ನಡುವೆ ಒಬ್ಬ ಹುಡುಗಿ ಬಂದು ಹೋಗುತ್ತಾಳೆ, ಅಷ್ಟೆ. ಬರೆಯಲು ಕೂತ ಮೇಲೆ ಗೊತ್ತಾದದ್ದು, ಕಥೆ ಇರುವುದೇ ಆಕೆಯಲ್ಲಿ.

ನಾನು ಚಿತ್ರದುರ್ಗದಲ್ಲಿ ಪಾಠ ಮಾಡುತ್ತೇನೆ. ಅದರ ಜೊತೆಗೆ ಕಾಡಿಗೂ ಗಾಳಿಗೂ ನಡೆಯುವ ಕೊಡುಕೊಳ್ಳುವಿಕೆಯ ಲೆಕ್ಕ ಕಟ್ಟುತ್ತೇನೆ. ಬಿಸಿಲೇರಿದ ಮೇಲೆ ಕುರುಚಲು ಕಾಡಿನಲ್ಲಿ ನಿಂತವರಿಗೆ ಆ ವಾಸನೆ ಗೊತ್ತಿರುತ್ತದೆ. ಸ್ವಲ್ಪ ಕಹಿ, ಸ್ವಲ್ಪ ಅಂಟು, ಏನೋ ಕಾದಂತೆ. ಎಲೆಗಳು ಆಮ್ಲಜನಕವೊಂದನ್ನೇ ಬಿಡುವುದಿಲ್ಲ. ಶಾಖ ಹೆಚ್ಚಿದಾಗ, ಹುಳ ಕಡಿದಾಗ, ಚಿಗುರು ಬಲಿಯುವಾಗ ಇನ್ನೂ ಎಷ್ಟೋ ಅನಿಲಗಳನ್ನು ಬಿಡುತ್ತವೆ, ಕೆಲವನ್ನು ಗಾಳಿಯಿಂದ ಮರಳಿ ಹೀರಿಕೊಳ್ಳುತ್ತವೆ. ಮೇಲೆ ಹೋದದ್ದು ಸುಮ್ಮನಿರುವುದಿಲ್ಲ. ಬಿಸಿಲಿನಲ್ಲಿ ಬೇರೆ ಅನಿಲಗಳ ಜೊತೆ ಕೂಡಿ ದೂರದ ಗುಡ್ಡವನ್ನು ಮಸುಕು ಮಾಡುತ್ತದೆ, ಓಝೋನ್ ಹುಟ್ಟಿಸುತ್ತದೆ, ಮೋಡದ ಹನಿಗೆ ಬೀಜವಾಗುತ್ತದೆ.

ಇದನ್ನು ಲೆಕ್ಕಕ್ಕೆ ಹಿಡಿಯುವ ಬಗೆ ನನಗೆ ಇವತ್ತಿಗೂ ಸೋಜಿಗ. ಒಂದು ಜಾತಿಯ ಮರದ ಒಂದು ಗ್ರಾಂ ಎಲೆ, ಇಂತಿಷ್ಟು ಬಿಸಿಲು ಇಂತಿಷ್ಟು ಶಾಖದಲ್ಲಿ, ಒಂದು ಗಂಟೆಗೆ ಎಷ್ಟು ಬಿಡುತ್ತದೆ ಎಂದು ಅಳೆಯಬೇಕು. ಅದು ಆ ಮರದ ಸ್ವಭಾವ, ಒಂದು ಅಂಕಿ. ಆಮೇಲೆ ಗುಡ್ಡದಲ್ಲಿ ಎಲೆ ಎಷ್ಟಿದೆ ಎಂದು ಉಪಗ್ರಹದ ಚಿತ್ರದಿಂದ ತಿಳಿದು, ದಿನದ ಒಂದೊಂದು ಗಂಟೆಯ ಬಿಸಿಲು, ಶಾಖ, ಎಲೆಯ ವಯಸ್ಸು ಎಲ್ಲವನ್ನೂ ಗುಣಿಸಿ, ಹೀರಿಕೊಂಡದ್ದನ್ನು ಕಳೆದರೆ, ಒಂದಿಡೀ ಗುಡ್ಡ ಮಧ್ಯಾಹ್ನ ಮೂರಕ್ಕೆ ಏನನ್ನು ಗಾಳಿಗೆ ಕೊಟ್ಟಿತು ಎಂದು ಹೇಳಬಹುದು. ನಾಲ್ಕು ಕೊಂಬೆ ಅಳೆದು ಗುಡ್ಡದ ಮಾತು ಆಡುವುದು. ಮೊದಲ ಅಂಕಿ ತಪ್ಪಾದರೆ ಗುಡ್ಡವೇ ಸುಳ್ಳಾಗುತ್ತದೆ. ನಾನು ನೋಡಿದ ದೊಡ್ಡ ನಕ್ಷೆಗಳಲ್ಲಿ ನಮ್ಮ ಒಣ ಕಾಡಿಗೆ ಸ್ವಂತ ಅಂಕಿ ಇರಲಿಲ್ಲ. ಒಂದೇ ಬಣ್ಣ ಬಳಿದು ‘ಕುರುಚಲು’ ಎಂದು ಬಿಟ್ಟಿದ್ದರು. ಈ ಗುಡ್ಡಗಳ ದಿಂಡಿಗದ ಮರಕ್ಕೆ ಅದರದೇ ಅಂಕಿ ಕೊಡಬೇಕೆಂದು ಹೊರಟವಳು ಆ ಸಂಶೋಧನಾ ವಿದ್ಯಾರ್ಥಿನಿ.

ಆಕೆ ಹೊಸದುರ್ಗದ ಕಡೆಯವಳು. ತಂದೆ ಈಗಲೂ ಕುರಿ ಹೊಡೆದುಕೊಂಡು ಹೋಗುವವರು. ಆಕೆಯ ಮಾರ್ಗದರ್ಶಕರು ಇದ್ದದ್ದು ಬೇರೆ ಊರಿನಲ್ಲಿ, ಇಲ್ಲಿ ಮಾದರಿಯ, ಅಂದರೆ ಕಂಪ್ಯೂಟರಿನಲ್ಲಿ ಕಟ್ಟುವ ಆ ಗುಣಾಕಾರದ, ಲೆಕ್ಕಕ್ಕೆ ನಾನು ಜೊತೆ. ಕಂಪ್ಯೂಟರಿನ ಮುಂದೆ ನಾನು ಗುರು, ಗುಡ್ಡ ಹತ್ತಿದ ಮೇಲೆ ಆಕೆ. ಕೊಂಬೆಗೆ ಪಾರದರ್ಶಕ ಚೀಲ ಕಟ್ಟಿಸಿ ಅರ್ಧ ಗಂಟೆ ಸುಮ್ಮನೆ ಕೂರುತ್ತಿದ್ದಳು, ಕೈ ತಾಗಿದ ಗಾಬರಿ ಎಲೆಗಳಿಂದ ಇಳಿಯಲಿ ಎಂದು. ಒಂದು ಎಲೆ ಮುರಿದರೂ ಆ ಕೊಂಬೆ ಬಿಟ್ಟು ಬೇರೆ ಹುಡುಕುವಳು, ಗಾಯವಾದ ಎಲೆಯ ವಾಸನೆಯೇ ಬೇರೆ. ನಾನು ಆ ಅರ್ಧ ಗಂಟೆಯಲ್ಲಿ ನಾಲ್ಕು ಸಲ ಗಡಿಯಾರ ನೋಡಿ, ಎದ್ದು ಓಡಾಡಿ, ಯಾವುದೋ ಕಲ್ಲನ್ನು ಕಾಲಿನಿಂದ ಉರುಳಿಸಿ ಬೈಸಿಕೊಳ್ಳುತ್ತಿದ್ದೆ. ಕುರಿಗಳು ಕೆಲವು ಎಲೆಗಳನ್ನು ಬೆಳಿಗ್ಗೆ ತಿಂದರೂ ಮಧ್ಯಾಹ್ನ ಮುಟ್ಟುವುದಿಲ್ಲ ಎಂದು ಆಕೆ ಹೇಳಿದಾಗ ನಾನು ನಕ್ಕಿದ್ದೆ. ಅದೇ ಗಿಡಗಳನ್ನು ಅಳೆದು ನೋಡಿದರೆ ಮಧ್ಯಾಹ್ನದ ವಾಸನೆ ಬೆಳಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಕುರಿ ಅದಕ್ಕೇ ಬಿಡುತ್ತದೆಯೋ ಇಲ್ಲವೋ ಗೊತ್ತಿಲ್ಲ ಎಂದು ನಾನು ಹೇಳುವ ಮೊದಲೇ ಆಕೆ ಹೇಳಿದಳು. ಅಂಥವಳು.

ಮೂರನೆಯವರು ಡ್ರೈವರು. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದವರು, ಐವತ್ತು ದಾಟಿದ ಎತ್ತರದ ಆಳು, ಹಿಂದೆ ಲಾರಿ ಓಡಿಸಿದವರು. ಲಾರಿಯ ಟಾರ್ಪಾಲು ಕಟ್ಟಿ ಪಳಗಿದ ಕೈ, ಅವರು ಹಾಕಿದ ಗಂಟು ಗಾಳಿಗೆ ಸಡಿಲುತ್ತಿರಲಿಲ್ಲ. ಹಾಗಾಗಿ ಕೊಂಬೆಗೆ ಚೀಲ ಕಟ್ಟುವ ಕೆಲಸ ತಾನಾಗಿಯೇ ಅವರಿಗೆ ಬಂತು. ಎಲೆಗಳನ್ನು ಮೆಲ್ಲಗೆ ಒಟ್ಟು ಮಾಡಿ ಚೀಲದೊಳಗೆ ತೂರಿಸಿ ಬಾಯಿ ಬಿಗಿಯುವರು. ಪಕ್ಕದಲ್ಲಿ ಎಲೆಯಿಲ್ಲದ ಖಾಲಿ ಚೀಲ ಒಂದನ್ನು ನಾನು ಕಟ್ಟುತ್ತಿದ್ದೆ. ಎರಡರ ಗಾಳಿಯನ್ನೂ ಸಣ್ಣ ಪಂಪು ಬೆರಳುದ್ದದ ಕೊಳವೆಗಳಿಗೆ ಎಳೆದುಕೊಳ್ಳುತ್ತಿತ್ತು. ಖಾಲಿ ಚೀಲದಲ್ಲಿ ಇಲ್ಲದ್ದು ಎಲೆಯ ಚೀಲದಲ್ಲಿ ಇದ್ದರೆ ಅದು ಮರದ್ದು. ಕೊಳವೆಗಳು ಐಸ್ ಪೆಟ್ಟಿಗೆಯಲ್ಲಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗುತ್ತಿದ್ದವು, ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕಿತ್ತು.

ಗುಡ್ಡ ಇದ್ದದ್ದು ಹಿರಿಯೂರು ತಾಲ್ಲೂಕಿನಲ್ಲಿ, ಯಲ್ಲದಕೆರೆಯ ಆಚೆ. ವಾಹನಕ್ಕೆ ಎಲ್ಲ ವಿಭಾಗಗಳ ಪೈಪೋಟಿ. ನಾವು ಹೊಸಬರು, ನಮ್ಮ ಸರದಿ ಬರುತ್ತಲೇ ಇರಲಿಲ್ಲ. ಒಂದು ದಿನ ವಾಹನದ ಪುಸ್ತಕ ತಿರುವುತ್ತಾ ನನಗೆ ಕಂಡಿತು: ಅಮಾವಾಸ್ಯೆಯ ದಿನ ಯಾರೂ ಹೆಸರು ಬರೆಸುವುದಿಲ್ಲ. ವಿಜ್ಞಾನದವರೂ ಬರೆಸುವುದಿಲ್ಲ. ನನ್ನಂಥವನಿಗೆ ಇದಕ್ಕಿಂತ ಹಬ್ಬ ಬೇಕೆ? ತಿಂಗಳಿಗೆ ಒಂದು ಅಮಾವಾಸ್ಯೆ ನಮ್ಮದು ಎಂದು ವರ್ಷದ ಕೊನೆಯವರೆಗೂ ಬರೆದೆ. ನಡುವೆ ಯಾರಾದರೂ ಬಿಟ್ಟುಕೊಟ್ಟರೆ ಇನ್ನೊಂದು ದಿನ.

ಮೊದಲ ಅಮಾವಾಸ್ಯೆ ಬೆಳಿಗ್ಗೆ ಆಫೀಸಿನ ಅಂಗಳದಲ್ಲಿ ಡ್ರೈವರು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ದರು. ನಾನು ಏನೋ ಅಂದೆ. ನನ್ನ ನೆನಪಿನಲ್ಲಿ ಅದು ಒಂದು ತಮಾಷೆ, ಬ್ರೇಕ್ ಹಿಡಿಯುವುದು ನಿಂಬೆಹಣ್ಣೋ ಎಣ್ಣೆಯೋ ಎಂದು. ಆಕೆ ಹೇಳುವ ಪ್ರಕಾರ ಅದು ತಮಾಷೆಯಲ್ಲ, ಹತ್ತು ನಿಮಿಷದ ಉಪನ್ಯಾಸ, ಗುಮಾಸ್ತರೆಲ್ಲ ಕಿಟಕಿಯಿಂದ ನೋಡುತ್ತಿದ್ದರಂತೆ. ಆಕೆಯ ನೆನಪೇ ಸರಿಯಿರಬೇಕು. ಮುಂದಿನ ಅಮಾವಾಸ್ಯೆಗಳಲ್ಲಿ ಅಂಗಳದಲ್ಲಿ ನಿಂಬೆಹಣ್ಣು ಕಾಣಲಿಲ್ಲ. ಒಬ್ಬ ಮನುಷ್ಯನನ್ನು ತಿದ್ದಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಮಳೆಗಾಲದ ಚಿಗುರಿನಿಂದ ಚಳಿಗಾಲದವರೆಗಿನ ಫಲಿತಾಂಶಗಳು ಒಟ್ಟಿಗೆ ಬಂದಾಗ ನಮ್ಮ ಮಾದರಿಯ ಗೆರೆ ಒಂದು ಕಡೆ, ಅಳತೆಯ ಚುಕ್ಕಿಗಳು ಇನ್ನೊಂದು ಕಡೆ. ಎಲ್ಲ ಚುಕ್ಕಿಗಳಲ್ಲ, ಆರು ದಿನದವು. ಆ ಆರು ದಿನ ದಿಂಡಿಗ ಲಿಮೊನೀನ್ ಎಂಬ ಅನಿಲವನ್ನು ಭರ್ತಿ ಬಿಟ್ಟಿತ್ತು. ಖಾಲಿ ಚೀಲಗಳಲ್ಲಿ ಅದರ ಸುಳಿವಿಲ್ಲ. ನಿಂಬೆ ಜಾತಿಯ ಸಿಪ್ಪೆಯ ಎಣ್ಣೆಯಲ್ಲಿ ಹೇರಳವಾಗಿರುವ ವಸ್ತುವೇ ಆದರೂ ಎಷ್ಟೋ ಕಾಡುಮರಗಳೂ ಅದನ್ನು ಬಿಡುತ್ತವೆ. ಅದರಿಂದ ಯಾರಿಗೂ ಅನುಮಾನ ಬರಲಿಲ್ಲ. ಮಾರ್ಗದರ್ಶಕರು ಫೋನಿನಲ್ಲೇ ಕುಣಿದಾಡಿದರು. ಇದೇ ಪ್ರಬಂಧದ ಮುಖ್ಯ ಅಧ್ಯಾಯ, ಪ್ರಬಂಧದ ಸಾರಲೇಖವನ್ನು ತಿಂಗಳೊಳಗೆ ವಿಶ್ವವಿದ್ಯಾಲಯಕ್ಕೆ ಕೊಡು ಎಂದರು. ಆಕೆಯ ಶಿಷ್ಯವೇತನ ಮುಗಿಯಲು ಇನ್ನು ಕೆಲವೇ ತಿಂಗಳಿದ್ದವು. ಈ ಅಧ್ಯಾಯ ನಿಂತರೆ ಪದವಿ ಕೈಗೆ ಬಂದಂತೆ, ಬಿದ್ದರೆ ಒಂದು ವರ್ಷದ ಅಳತೆ ಮೊದಲಿನಿಂದ.

ಆಕೆ ಆರು ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿದಳು. ಆರೂ ಕಪ್ಪು ಚುಕ್ಕಿಯ ಮನೆಗಳು, ಆರೂ ಅಮಾವಾಸ್ಯೆ. ನಡುವಿನ ಬೇರೆ ದಿನಗಳಲ್ಲಿ ಏನೂ ಇಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಒಪ್ಪಿಕೊಳ್ಳಬೇಕು. ದೆವ್ವ, ದೇವರು, ಗ್ರಹಣ ಯಾವುದನ್ನೂ ನಂಬದ ನಾನು ಆ ಗ್ರಾಫ್ ನೋಡಿದ ಕೂಡಲೇ ಚಂದ್ರನನ್ನು ನಂಬಿಬಿಟ್ಟೆ. ರಾತ್ರಿಯ ಬೆಳಕು, ಮರದೊಳಗಿನ ರಸದ ಏರಿಳಿತ, ಏನೇನೋ ಸೇರಿಸಿ ಒಂದೂವರೆ ಪುಟ ಟೈಪ್ ಮಾಡಿದೆ. ಸಂಪ್ರದಾಯದವರು ಹೇಳಿದ್ದರೆ ನಗುತ್ತಿದ್ದೆ. ಗೆರೆಯ ಮೇಲೆ ಚುಕ್ಕಿ ಇಟ್ಟು ಹೇಳಿದರೆ ನಾನೂ ಕೈ ಮುಗಿಯುವವನೇ.

ಆಕೆ ಆ ಪುಟಗಳನ್ನು ಓದಿ ಪಕ್ಕಕ್ಕಿಟ್ಟಳು. “ಮರಕ್ಕೆ ಅಮಾಸೆ ಗೊತ್ತಿರಲ್ಲ ಸರ್,” ಎಂದಳು. “ಅಮಾಸೆ ಗೊತ್ತಿರೋದು ನಮಗೆ. ಅವತ್ತು ನಾವೇನು ಬೇರೆ ಮಾಡ್ತೀವಿ, ಅದನ್ನ ನೋಡಾಣ.”

ಅಷ್ಟು ಸರಳವಾದ ಪ್ರಶ್ನೆ ನನಗೆ ಹೊಳೆಯಲಿಲ್ಲವಲ್ಲ ಎಂದು ಈಗಲೂ ಅನ್ನಿಸುತ್ತದೆ. ತನಗೇ ಲಾಭ ತರುವ ಚುಕ್ಕಿಗಳ ಮೇಲೆ ಅನುಮಾನ ಪಡಲು ಬೇರೆಯೇ ಗಟ್ಟಿತನ ಬೇಕು. ನನ್ನ ಸಂಶಯಗಳೆಲ್ಲ ಬೇರೆಯವರ ನಂಬಿಕೆಯ ಮೇಲೆ. ಆಕೆಯದು ತನ್ನ ಫಲಿತಾಂಶದ ಮೇಲೆ.

ಏಳನೆಯ ಅಮಾವಾಸ್ಯೆಗೆ ಹೋದಾಗ ಆಕೆ ಎಂದಿನಂತೆ ನನ್ನ ಜೊತೆ ಮೇಲಕ್ಕೆ ಬರಲಿಲ್ಲ. ನಾನು ಬ್ಯಾಟರಿ ಹೊತ್ತು ಹತ್ತುತ್ತಿದ್ದೆ. ಕೆಳಗಿನಿಂದ ಕೂಗಿದಳು ಎಂದು ನೆನಪು. ನಾನೇ ಏನೋ ಮರೆತು ಇಳಿದೆನೋ, ಅದು ಖಾತ್ರಿಯಿಲ್ಲ. ಇಳಿದು ಬಂದಾಗ ಇಬ್ಬರೂ ಜೀಪಿನ ಹಿಂದೆ ನಿಂತಿದ್ದರು. ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾಗಿದ್ದವು. ಇನ್ನೊಂದನ್ನು ಕೊಯ್ದು ಕುಂಕುಮ ಹಚ್ಚಿ, ಹಿಂಡಿ, ದಾರಿಯ ಎಡಕ್ಕೂ ಬಲಕ್ಕೂ ಎಸೆದಾಗಿತ್ತು.

“ಅಣ್ಣಾ, ಕೈ ತೋರ್ಸ್ರಿ,” ಎನ್ನುತ್ತಿದ್ದಳು ಆಕೆ.

“ಯಾಕವ್ವ, ಕೈಯಾಗೆ ಏನೈತೆ?” ಡ್ರೈವರು ಕೈ ಪ್ಯಾಂಟಿಗೆ ಒರೆಸಿಕೊಂಡರು.

“ಅದನ್ನೇ ನೋಡ್ಬೇಕು.”

ಆಕೆ ಅವರ ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ನೋಡಿ ನನ್ನ ಕಡೆ ತಿರುಗಿದಳು. ನಾನು ಮೂಸಿ ನೋಡಬೇಕಾಗಿರಲಿಲ್ಲ, ಎರಡು ಮಾರು ದೂರಕ್ಕೇ ಬರುತ್ತಿತ್ತು. ಎಷ್ಟು ದಿನದಿಂದ ಇಲ್ಲಿ ಹೀಗೆ ಎಂದು ಕೇಳಿದೆ. ಕೇಳಿದ ದನಿ ಚೆನ್ನಾಗಿರಲಿಲ್ಲ.

“ಆಫೀಸ್ ತಾವ ಬ್ಯಾಡ ಅಂದ್ರಲ್ಲ ಸಾ, ಅವತ್ತಿಂದ,” ಎಂದರು ಡ್ರೈವರು. “ನೀವು ಸಾಮಾನು ಹೊತ್ಕಂಡು ಹತ್ತಿದ ಮ್ಯಾಲೆ ಮಾಡ್ತಿದ್ದೆ. ಅಮಾಸೆ ದಿನ ನಿಮ್ಮನ್ನ ಕುಂಡ್ರಿಸ್ಕಂಡು ಕಾಡಿಗೆ ಬರೋನು ನಾನು. ನಿಮಗೆ ಭಯ ಇಲ್ಲ, ಸರಿ. ನಂಗೈತಲ್ಲ.”

ಒಂದು ಮಾತು ಹೇಳಬಾರದಿತ್ತೇ ಎಂದೆ.

“ಹೇಳಿದ್ರೆ ಇನ್ನೊಂದು ಪಾಠ ಮಾಡ್ತಿದ್ರಿ.”

ಆಕೆ ನಕ್ಕುಬಿಟ್ಟಳು. ತನ್ನ ಒಂದು ವರ್ಷ ಆ ನಾಲ್ಕು ಹಣ್ಣುಗಳ ಜೊತೆ ನೆಲಕ್ಕೆ ಅಂಟಿಕೊಂಡಿರುವುದನ್ನು ನೋಡುತ್ತಾ ನಕ್ಕಳು. ಆಮೇಲೆ ಡ್ರೈವರಿಗೆ ವಿಷಯವನ್ನು ಬಿಡಿಸಿ ಹೇಳಿದಳು: ಸಿಪ್ಪೆಯ ಎಣ್ಣೆ ಕೈಗೆ, ಕೈಯಿಂದ ಎಲೆಗೆ, ಎಲೆಯಿಂದ ಚೀಲಕ್ಕೆ, ಚೀಲದಿಂದ ಬೆಂಗಳೂರಿಗೆ. ಖಾಲಿ ಚೀಲ ಕಟ್ಟುತ್ತಿದ್ದದ್ದು ನಾನು, ನನ್ನ ಕೈಯಲ್ಲಿ ನಿಂಬೆ ಇಲ್ಲ. ಅದಕ್ಕೇ ಖಾಲಿ ಚೀಲ ನಮ್ಮನ್ನು ಎಚ್ಚರಿಸಲಿಲ್ಲ. ಅವರ ಮುಖ ಇಳಿದುಹೋಯಿತು. ಗುತ್ತಿಗೆಯ ಕೆಲಸದವರು. ಇದು ಮೇಲಿನವರಿಗೆ ಹೋಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು.

“ನಿಮ್ಮ ತಪ್ಪು ಅಂತ ಹೋಗಲ್ಲ ಅಣ್ಣಾ,” ಎಂದಳು. “ಎರಡೂ ಚೀಲ ಒಂದೇ ಕೈ ಕಟ್ಬೇಕು ಅಂತ ನಾನು ಬರೀಬೇಕಿತ್ತು. ಬರೀಲಿಲ್ಲ.”

ಅಲ್ಲೇ, ಅದೇ ಹೊತ್ತಿನಲ್ಲಿ ಒಂದು ಪರೀಕ್ಷೆ ಕಟ್ಟಿದಳು. ಎಲ್ಲಿಂದಲೋ ಒಣಗಿ ಬೆಂಡಾದ ಒಂದು ಕಟ್ಟಿಗೆ ತಂದು ಕಲ್ಲುಗಳ ಸಂದಿಗೆ ನೆಟ್ಟು, ಅದಕ್ಕೆ ಡ್ರೈವರ ಕೈಯಿಂದಲೇ ಚೀಲ ಕಟ್ಟಿಸಿದಳು. ದಿಂಡಿಗಕ್ಕೆ ನಾನು ಗ್ಲೌಸ್ ಹಾಕಿಕೊಂಡು ಕಟ್ಟಿದೆ, ಮೂರು ಸಲ ಗಂಟು ಬಿಚ್ಚಿಹೋಯಿತು. ಸತ್ತ ಕಟ್ಟಿಗೆ ಲಿಮೊನೀನ್ ಬಿಟ್ಟು ಬದುಕಿದ ಮರ ಬಿಡದಿದ್ದರೆ, ಸಂಗತಿ ತೀರ್ಮಾನ. ಆದರೆ ಬೆಂಗಳೂರಿನ ಫಲಿತಾಂಶಕ್ಕೆ ಮೂರು ವಾರ. ಸಾರಲೇಖ ಕೊಡಲು ಉಳಿದಿದ್ದದ್ದು ಹತ್ತು ದಿನ.

ಸಂಜೆ ಹಿರಿಯೂರಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನಲು ಇಳಿದಾಗ ನಾನು ನನ್ನ ಬುದ್ಧಿವಂತಿಕೆ ಬಳಸಿದೆ. ಪುರಾವೆ ಇಲ್ಲದೆ ಯಾವುದನ್ನೂ ಹೇಳಬಾರದು ಎಂದೆ. ಕೈಗೆ ವಾಸನೆ ಇದ್ದ ಮಾತ್ರಕ್ಕೆ ಅದೇ ಕಾರಣ ಎಂದಾಗುವುದಿಲ್ಲ, ಫಲಿತಾಂಶ ಬರುವವರೆಗೆ ಮಾರ್ಗದರ್ಶಕರಿಗೆ ತಿಳಿಸುವುದು ಬೇಡ, ಸಾರಲೇಖ ಹೋಗಲಿ, ಆಮೇಲೆ ಬೇಕಾದರೆ ಪ್ರಬಂಧದಲ್ಲಿ ತಿದ್ದಿದರಾಯಿತು. ಕೇಳಲು ವಿಜ್ಞಾನದಂತೆಯೇ ಇತ್ತು. ಆಕೆ ಮಂಡಕ್ಕಿಯಲ್ಲಿನ ಈರುಳ್ಳಿ ಆರಿಸುತ್ತಾ ಕೇಳಿಸಿಕೊಂಡಳು. ಡ್ರೈವರು ತಟ್ಟೆ ಮುಟ್ಟದೆ ಕೂತಿದ್ದರು. ಅವರಿಗೆ ತನ್ನ ತಟ್ಟೆಯ ಮಿರ್ಚಿಯನ್ನೂ ದಾಟಿಸಿ ಆಕೆ, “ನೋಡಾಣ ಸರ್,” ಎಂದಳು. ಚಿತ್ರದುರ್ಗ ತಲುಪುವವರೆಗೂ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತಿದ್ದಳು.

ಫಲಿತಾಂಶ ಬಂತು. ಸತ್ತ ಕಟ್ಟಿಗೆ ನಿಂಬೆತೋಟದಂತೆ ಉಸಿರಾಡಿತ್ತು. ಗ್ಲೌಸಿನಿಂದ ಕಟ್ಟಿದ ದಿಂಡಿಗದಲ್ಲಿ ಲಿಮೊನೀನಿನ ಗುರುತೂ ಇಲ್ಲ. ಅಧ್ಯಾಯ ಬಿತ್ತು.

ಮುಂದಿನ ಮಳೆಗೆ ಆಕೆ ಮೊದಲಿನಿಂದ ಶುರು ಮಾಡಿದಳು. ಶಿಷ್ಯವೇತನ ಮುಗಿದಿತ್ತು. ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ವಾರಕ್ಕೆ ನಾಲ್ಕು ದಿನ ಅತಿಥಿ ಉಪನ್ಯಾಸಕಿಯಾಗಿ ದುಡಿದು, ಉಳಿದ ದಿನ ಗುಡ್ಡ. ಡ್ರೈವರು ಬಿಡಲಿಲ್ಲ, ಅಮಾವಾಸ್ಯೆಯ ಸವಾರಿಗೆ ತಾವೇ ಎಂದು ಹಟ ಹಿಡಿದರು. ಮೊದಲ ದಿನ ಗ್ಲೌಸ್ ಹಾಕಿಕೊಂಡೇ ನಿಂಬೆಹಣ್ಣು ಹಿಂಡಿ, “ನೋಡವ್ವ, ಕೈಗೆ ತಾಕಿಲ್ಲ,” ಎಂದು ಅದೇ ಗ್ಲೌಸಿನಲ್ಲಿ ಕೊಂಬೆಗೆ ಕೈ ಹಾಕಿದರು. ಕೊನೆಗೆ ಆಕೆ ಪೂಜೆಯನ್ನು ಮತ್ತೆ ಆಫೀಸಿನ ಅಂಗಳಕ್ಕೆ ತಂದಳು. ಬೆಳಿಗ್ಗೆಯೇ ಅಲ್ಲಿ ನಿಂಬೆಹಣ್ಣು, ಆಮೇಲೆ ಸೋಪು, ಗುಡ್ಡದಲ್ಲಿ ಹೊಸ ಗ್ಲೌಸ್, ಎರಡೂ ಚೀಲಕ್ಕೆ ಒಂದೇ ಕೈ. ಇದೆಲ್ಲ ಆಕೆಯ ಕಾರ್ಯವಿಧಾನದ ಪುಟದಲ್ಲಿ ಸಂಖ್ಯೆ ಹಾಕಿ ಬರೆದಿತ್ತು. ನಾನು ಅಂಗಳದಲ್ಲಿ ನಿಂತಿರುತ್ತಿದ್ದೆ, ತುಟಿ ಬಿಚ್ಚುತ್ತಿರಲಿಲ್ಲ. ಒಂದು ಸಲ ಕುಂಕುಮದ ಪೊಟ್ಟಣ ಹಿಡಿದುಕೊಂಡಿದ್ದೂ ಉಂಟು.

ಎರಡನೆಯ ವರ್ಷ ಬಂದ ಅಂಕಿ ಚಿಕ್ಕದು. ಯಾರೂ ಫೋನಿನಲ್ಲಿ ಕುಣಿಯುವಂಥದ್ದಲ್ಲ. ಆದರೆ ಅದನ್ನು ಮಾದರಿಗೆ ಕೊಟ್ಟು ಓಡಿಸಿದ ದಿನ, ಗೆರೆ ಬೆಳಗಿನಿಂದ ಏರಿ, ಮಧ್ಯಾಹ್ನ ಮೂರಕ್ಕೆ ತುದಿ ಮುಟ್ಟಿ, ಮೋಡ ಬಂದ ಗಂಟೆಯಲ್ಲಿ ಕುಗ್ಗಿ, ಸಂಜೆಗೆ ಇಳಿಯಿತು. ಚುಕ್ಕಿಗಳು ಅದರ ಹಿಂದೆಯೇ ನಡೆದಿದ್ದವು. ಕೆಲವು ಅತ್ತ, ಕೆಲವು ಇತ್ತ, ಬಹುಪಾಲು ದಾರಿಯ ಮೇಲೆ. ಸಾವಿರಾರು ಮರಗಳ ಗುಡ್ಡ ಒಂದು ಹಾಳೆಯ ಮೇಲೆ ಉಸಿರಾಡುತ್ತಿತ್ತು, ಅದರಲ್ಲಿ ಸುಳ್ಳು ಇರಲಿಲ್ಲ. ನನ್ನ ಕೆಲಸದಲ್ಲಿ ಅಂಥ ಮಧ್ಯಾಹ್ನಗಳು ಹೆಚ್ಚಿಲ್ಲ.

ತರಗತಿಯಲ್ಲಿ ನಾನು ಈ ಕಥೆಯನ್ನು ಹೇಳುವಾಗ ಕೊನೆಗೊಂದು ನೀತಿ ಸೇರಿಸುತ್ತಿದ್ದೆ. ನೋಡಿ, ಆಕೆ ಆತುರ ಪಡಲಿಲ್ಲ, ಪುರಾವೆ ಬರುವ ತನಕ ಕಾದಳು, ಬಂದ ಮೇಲೆ ಧೈರ್ಯವಾಗಿ ಹೇಳಿದಳು ಎಂದು. ಹೇಳಿ ಹೇಳಿ ಅದು ನನಗೇ ನೆನಪಾಗಿ ಕೂತಿತ್ತು. ಹಿರಿಯೂರಿನ ಹೋಟೆಲಿನಲ್ಲಿ ನಾನು ಕೊಟ್ಟ ಸಲಹೆ ಆ ನೆನಪಿನಲ್ಲಿ ವಿವೇಕದಂತೆ ಕಾಣುತ್ತಿತ್ತು.

ಇದನ್ನು ಬರೆಯುವ ಮುಂಚೆ ಒಂದನ್ನಾದರೂ ಪರೀಕ್ಷಿಸಿ ಬರೆಯೋಣ ಎಂದು ಹಳೆಯ ಇಮೇಲುಗಳಲ್ಲಿ ಹುಡುಕಿದೆ. ಆಕೆ ಮಾರ್ಗದರ್ಶಕರಿಗೆ ಬರೆದ ಪತ್ರ ಸಿಕ್ಕಿತು. ನನಗೂ ಒಂದು ಪ್ರತಿ ಕಳಿಸಿದ್ದಾಳೆ. ನಾನು ತೆರೆದಿದ್ದೇನೆ, ‘ಆಯಿತು’ ಎಂದು ಉತ್ತರವನ್ನೂ ಕೊಟ್ಟಿದ್ದೇನೆ. ಆರು ದಿನಗಳ ಅಳತೆ ನಂಬಬೇಡಿ, ಕೈಯ ಎಣ್ಣೆ ಸೇರಿರುವ ಸಂಭವ ಹೆಚ್ಚು, ಕಟ್ಟುವ ಕ್ರಮ ಬರೆಯದಿದ್ದದ್ದು ನನ್ನ ಲೋಪ, ಸಾರಲೇಖ ಈಗ ಕೊಡುವುದಿಲ್ಲ ಎಂದಿದೆ. ಡ್ರೈವರ ಮಾತೇ ಇಲ್ಲ. ಸತ್ತ ಕಟ್ಟಿಗೆಯ ಫಲಿತಾಂಶ ಪ್ರಯೋಗಾಲಯದಿಂದ ಬಂದ ದಿನವನ್ನೂ ತೆಗೆದು ಪಕ್ಕಕ್ಕಿಟ್ಟು ನೋಡಿದೆ, ಎರಡು ಸಲ. ಪತ್ರ ಅದಕ್ಕಿಂತ ಮೂರು ವಾರ ಹಿಂದಿನದು. ನಾವು ಗುಡ್ಡದಿಂದ ಮರಳಿದ ಮಾರನೆಯ ದಿನ, ಬೆಳಿಗ್ಗೆ ಆರೂವರೆಗೆ ಕಳಿಸಿದ್ದು.